ಶರಣಮ್ಮ ಕಟ್ಟಿದ ಗಂಟು

ಮೊನ್ನೆ ಹಳೆಯ ಕನ್ನಡಕದ ಡಬ್ಬಿ ತೆರೆದೆ. ಒಳಗೆ ಕನ್ನಡಕವಿರಲಿಲ್ಲ, ಗುಲಾಬಿ ಬಣ್ಣದ ಕಾಗದದ ಪಟ್ಟಿಯೊಂದು ಸುರುಳಿ ಸುತ್ತಿಕೊಂಡು ಮಲಗಿತ್ತು. ದೊಡ್ಡ ಸಮಾರಂಭಗಳಲ್ಲಿ ಮುಂಗೈಗೆ ಅಂಟಿಸುತ್ತಾರಲ್ಲ, ಆ ಪಟ್ಟಿ. ಒಮ್ಮೆ ಅಂಟಿಸಿದರೆ ಬಿಚ್ಚಲು ಬರುವುದಿಲ್ಲ, ಕತ್ತರಿಯಿಂದಲೇ ತೆಗೆಯಬೇಕು. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ವಿಐಪಿ ಎಂದು ಅಚ್ಚಾಗಿತ್ತು. ಜೀವಮಾನದಲ್ಲಿ ನನ್ನನ್ನು ಹಾಗೆ ಕರೆದವರು ಕರ್ನೂಲಿನ ಫ್ಯಾಷನ್ ವೀಕಿನವರು ಮಾತ್ರ, ಅದೂ ಒಂದೇ ಒಂದು ಮಧ್ಯಾಹ್ನ. ವೀಕ್ ಎಂದರೆ ಏಳು ದಿನ ಎಂದುಕೊಂಡು ನಾನು ಎರಡು ಸೀರೆ ಹೆಚ್ಚಿಗೆ ಇಸ್ತ್ರಿ ಮಾಡಿಸಿಟ್ಟಿದ್ದೆ. ಅದು ಮೂರೇ ದಿನದ್ದು, ನಮಗೆ ಕರೆ ಇದ್ದದ್ದು ಕೊನೆಯ ದಿನಕ್ಕೆ ಮಾತ್ರ ಎಂದು ಆಮೇಲೆ ತಿಳಿಯಿತು.

ನಾನು ಫ್ಯಾಷನ್ ವೀಕಿಗೆ ಹೋಗಿದ್ದೆ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಆಂಧ್ರದ ಗಡಿಯ ಆದೋನಿಯ ಕಾಲೇಜೊಂದರ ಲೈಬ್ರರಿಯಲ್ಲಿ ಮೂವತ್ತು ವರ್ಷ ಕೂತು, ಗಂಜಿ ಹಾಕಿದ ನೂಲಿನ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ ನಾನು. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ನೂಲಿನ ಸೀರೆಗಳ ಬಗ್ಗೆ ನನಗೆ ಒಳಗೊಳಗೇ ದೊಡ್ಡ ಹೆಮ್ಮೆ. ಮದುವೆಮನೆಗಳಲ್ಲಿ ರೇಷ್ಮೆ ಉಟ್ಟು ಬೆವರುವವರನ್ನು ನೋಡಿ ಮನಸ್ಸಿನಲ್ಲೇ ಮುಸಿನಗುವ ಜಾತಿ ನನ್ನದು. ಅಭಿರುಚಿ ಎಂಬುದು ಆದೋನಿಯಲ್ಲಿ ಎಲ್ಲಾದರೂ ಇದ್ದರೆ ಅದು ನಮ್ಮ ಬೀದಿಯ ಕೊನೆಯ ಮನೆಯಲ್ಲಿದೆ ಎಂದು ನಾನು ನಂಬಿದ್ದೆ. ಆ ಮನೆ ನನ್ನದು ಎಂದು ಬೇರೆ ಹೇಳಬೇಕಾಗಿಲ್ಲ.

ಕರೆದವಳು ಅಣ್ಣನ ಮಗಳು ಅನುಷಾ. ಹೈದರಾಬಾದಿನಲ್ಲಿ ಉಡುಪಿನ ವಿನ್ಯಾಸ ಓದಿ ಬಂದು ಕರ್ನೂಲಿನಲ್ಲಿ ಚಿಕ್ಕದೊಂದು ಅಂಗಡಿ ತೆರೆದಿದ್ದಳು. ಎಮ್ಮಿಗನೂರಿನ ಮಗ್ಗದವರಿಂದ ಬಟ್ಟೆ ನೇಯಿಸಿ ಹನ್ನೆರಡು ಉಡುಪು ಹೊಲಿಸಿದ್ದಳು. ಆ ಸಾಲಿಗೆ ‘ಅರಳೆ’ ಎಂದು ಹೆಸರಿಟ್ಟಿದ್ದಳು. ಹೆಸರು ಕೊಟ್ಟವಳು ನಾನೇ. ಬೀಜ ಬಿಡಿಸಿದ ಹತ್ತಿಗೆ ಕನ್ನಡದಲ್ಲಿ ಇಷ್ಟು ಮೆತ್ತಗಿನ ಹೆಸರಿದೆಯೇ ಎಂದು ಅವಳು ಖುಷಿಪಟ್ಟಾಗ, ಕನ್ನಡವನ್ನು ನಾನೇ ಕಂಡುಹಿಡಿದವಳಂತೆ ಬೀಗಿದ್ದೆ.

ನಮ್ಮದು ಹತ್ತಿಯ ಮನೆ. ಅಜ್ಜ ಪತ್ತಿಕೊಂಡ, ಆಲೂರಿನ ಕಡೆಯಿಂದ ಹತ್ತಿ ಕೊಂಡು ಮಾರುತ್ತಿದ್ದ. ಅಪ್ಪ ಜಿನ್ನಿಂಗ್ ಮಿಲ್ಲು ಹಾಕಿದರು. ಅಂದರೆ ಹತ್ತಿಯಿಂದ ಕಾಳು ಬೇರೆ ಮಾಡುವ ಕಾರ್ಖಾನೆ. ಅನುಷಾಗೆ ಈ ಹಿನ್ನೆಲೆ ತುಂಬ ಇಷ್ಟ. ತನ್ನ ಪ್ರದರ್ಶನದ ಕೊನೆಗೆ, ವಿನ್ಯಾಸ ಮಾಡಿದವರು ಬಂದು ಕೈ ಮುಗಿಯುವಾಗ, ತಾನೊಬ್ಬಳೇ ಬರುವುದಿಲ್ಲ, ನಮ್ಮ ಮಿಲ್ಲಿನಲ್ಲಿ ದುಡಿದ ಹಿರಿಯ ಹೆಣ್ಣುಮಗಳೊಬ್ಬಳ ಕೈ ಹಿಡಿದು ಬರುತ್ತೇನೆ ಎಂದಳು. ಒಳ್ಳೆಯ ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅಣ್ಣ ಟಿವಿಯಿಂದ ಕಣ್ಣು ತೆಗೆಯದೆ, “ಪೆದ್ದಹರಿವಾಣಂ ಶರಣಮ್ಮನ್ನ ಕರ್ಕೊಂಡು ಹೋಗ್ರಿ, ಆಕಿಗಿಂತ ಹಳೇ ಮನುಷ್ಯಾ ಯಾರದಾರ” ಎಂದ. ನಾನು ಅಣ್ಣನ ಮುಖ ನೋಡಿದೆ. ಅವನು ಮರೆತಿದ್ದನೋ, ಮರೆತವನಂತೆ ಇದ್ದನೋ, ಇಂದಿಗೂ ನನಗೆ ಗೊತ್ತಿಲ್ಲ.

ಶರಣಮ್ಮನ ವಿಷಯ ಹೇಳುತ್ತೇನೆ. ನಾನು ಚಿಕ್ಕವಳಿದ್ದಾಗಲೇ ಅವಳು ನಮ್ಮ ಮಿಲ್ಲಿಗೆ ಬರುತ್ತಿದ್ದಳು. ಎತ್ತರದ, ಎಲುಬಿನ ಹೆಂಗಸು. ನಡೆದರೆ ನೆಲದ ಮೇಲೆ ಕೋಪ ಬಂದವರ ಹಾಗೆ ನಡೆಯುತ್ತಿದ್ದಳು. ರಜೆ ಇದ್ದಾಗ ನಾನು ಮಿಲ್ಲಿನ ಅಂಗಳದಲ್ಲಿ ಅರಳೆಯ ರಾಶಿಯ ಮೇಲೆ ಬಿದ್ದುಕೊಂಡು ಪುಸ್ತಕ ಓದುತ್ತಿದ್ದರೆ, ಸಂಜೆ ಅವಳೇ ನನ್ನನ್ನು ಎಬ್ಬಿಸಿ ತಲೆಯಲ್ಲಿ ಅಂಟಿದ ಎಳೆಗಳನ್ನು ಒಂದೊಂದಾಗಿ ಹೆಕ್ಕಿ ಮನೆಗೆ ಕಳಿಸುತ್ತಿದ್ದಳು. ನಾನು ಅವಳನ್ನು ‘ನೀನು’ ಎನ್ನುತ್ತಿದ್ದೆ, ಅವಳು ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದಳು. ಕಾಲೇಜು ಸೇರಿದ ಮೇಲೆ ನನಗೆ ಸಮಾನತೆಯ ಜ್ಞಾನ ಬಂದು ‘ನೀವು’ ಎನ್ನತೊಡಗಿದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು.

ಅವಳಿಗೆ ಗಿರಿಜಾ ಎಂಬ ಮಗಳಿದ್ದಳು. ಹದಿನೈದು ವರ್ಷ. ನಾನು ಕಾಲೇಜಿನಲ್ಲಿದ್ದಾಗ ಒಂದು ವರ್ಷ, ಹತ್ತಿ ಕಾಲಕ್ಕೆ ತಾಯಿಯ ಜೊತೆ ಅವಳೂ ಮಿಲ್ಲಿಗೆ ಬರತೊಡಗಿದಳು. ರಿಜಿಸ್ಟರಿನಲ್ಲಿ ಅವಳ ಹೆಸರು ಇರಲಿಲ್ಲ. ಆ ವಯಸ್ಸಿನವರ ಹೆಸರು ಬರೆಯುವಂತಿರಲಿಲ್ಲ. ಆದರೆ ಕೆಲಸ ಮಾತ್ರ ದೊಡ್ಡವರದ್ದೇ. ಅವಳ ಕೈ ಬಹಳ ಚುರುಕು ಎಂದು ಅಪ್ಪ ಊಟಕ್ಕೆ ಕೂತಾಗ ಅಮ್ಮನ ಮುಂದೆ ಹೊಗಳಿದ್ದನ್ನು ನಾನು ಕೇಳಿದ್ದೇನೆ.

ಆಗಿನ ಯಂತ್ರಗಳು ಈಗಿನಂತಲ್ಲ. ಹತ್ತಿ ಬಿಡಿಸುವ ಯಂತ್ರಗಳು ಸಾಲಾಗಿ ನಿಂತಿರುತ್ತಿದ್ದವು, ಎಲ್ಲವಕ್ಕೂ ಸೇರಿ ಕೆಳಗೆ ಒಂದೇ ಉದ್ದನೆಯ ಕಬ್ಬಿಣದ ಶಾಫ್ಟ್ ತಿರುಗುತ್ತಿತ್ತು. ಅದರ ಸುತ್ತ ತಡೆ ಇರಲಿಲ್ಲ. ಒಂದು ದಿನ ಕೆಳಗೆ ಬಿದ್ದ ಹತ್ತಿಕಾಳು ಗುಡಿಸಲು ಗಿರಿಜಾ ಬಗ್ಗಿದಳು. ಅವಳ ದಾವಣಿಯ ತುದಿ ಶಾಫ್ಟಿಗೆ ಸುತ್ತಿಕೊಂಡಿತು. ಯಂತ್ರ ನಿಲ್ಲಿಸುವ ಹಿಡಿಕೆ ಕಟ್ಟಡದ ಆಚೆ ತುದಿಯಲ್ಲಿತ್ತು. ಶರಣಮ್ಮ ನಾಲ್ಕು ಯಂತ್ರಗಳ ಈಚೆ ಇದ್ದಳು. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ. ನಾನು ಅಲ್ಲಿರಲಿಲ್ಲ, ಇದ್ದವರು ಹೇಳಿದ್ದನ್ನು ಬರೆಯುವ ಧೈರ್ಯವೂ ನನಗಿಲ್ಲ.

ಅಂದು ಸಂಜೆ ಅಪ್ಪ ನನ್ನನ್ನು ಕರೆದರು. ನಾನಾಗ ಬಿ.ಎ. ಎರಡನೆಯ ವರ್ಷ. ಮರುದಿನ ವಿಚಾರಣೆಗೆ ಅಧಿಕಾರಿಗಳು ಬರುತ್ತಾರೆ, ಶರಣಮ್ಮನ ಹೇಳಿಕೆ ತೆಲುಗಿನಲ್ಲಿ ಬರೆದು ಸಿದ್ಧವಾಗಿರಬೇಕು, ಗುಮಾಸ್ತನ ಕೈ ನಡುಗುತ್ತಿದೆ ಎಂದರು. “ನಿನ್ನ ಅಕ್ಷರ ಚೆಂದ ಐತಿ, ನೀ ಬರಿ” ಎಂದರು. ಕಾರ್ಬನ್ ಇಟ್ಟು ಎರಡು ಪ್ರತಿ ಬರೆದೆ. ಅಪ್ಪ ಹೇಳಿದ್ದು ಇಷ್ಟು: ನನ್ನ ಮಗಳು ಮಿಲ್ಲಿನಲ್ಲಿ ಕೆಲಸಕ್ಕಿರಲಿಲ್ಲ, ನನಗೆ ಬುತ್ತಿ ಕೊಡಲು ಬಂದಿದ್ದಳು, ಯಾರಿಗೂ ಹೇಳದೆ ಯಂತ್ರದ ಹತ್ತಿರ ಹೋದಳು, ಇದರಲ್ಲಿ ಯಾರ ತಪ್ಪೂ ಇಲ್ಲ. ಬರೆಯುತ್ತ ಬರೆಯುತ್ತ ನನಗೆ ಆ ಮೂರನೆಯ ವಾಕ್ಯ ಒರಟಾಗಿ ಕಂಡಿತು. ನಾನು ಕಥೆ ಕವಿತೆ ಓದುತ್ತಿದ್ದ ಹುಡುಗಿ, ಕಾಲೇಜಿನ ಪತ್ರಿಕೆಯಲ್ಲಿ ನನ್ನ ಬರಹ ಅಚ್ಚಾಗಿತ್ತು. ಯಾರೂ ಹೇಳದೆಯೇ ‘ಆಟವಾಡುತ್ತ ಆಡುತ್ತ’ ಎಂದು ಸೇರಿಸಿದೆ. ಆಟವಾಡುತ್ತ ಆಡುತ್ತ ಯಂತ್ರದ ಹತ್ತಿರ ಹೋದಳು. ಈಗ ಓದಲು ನಯವಾಗಿದೆ ಅನ್ನಿಸಿತು. ಅಪ್ಪ ಓದಿ ನನ್ನ ತಲೆ ಸವರಿದರು.

ನಾನು ಬರೆದು ಮುಂದೆ ಹಿಡಿದ ಆ ಕಾಗದಕ್ಕೆ ಶರಣಮ್ಮ ಹೆಬ್ಬೆಟ್ಟು ಒತ್ತಿದಳು. ಆಗ ಅವಳು ಎಲ್ಲಿ ಒತ್ತು ಎಂದರೂ ಒತ್ತುತ್ತಿದ್ದಳು. ಕೆಳಗಿನ ಪ್ರತಿಯನ್ನು ಅಪ್ಪ ಮಡಚಿ, ನಿನ್ನ ಹತ್ತಿರ ಒಂದಿರಲಿ ಎಂದು ಅವಳ ಕೈಗೇ ಕೊಟ್ಟರು. ವಿಚಾರಣೆ ಅರ್ಧ ದಿನದಲ್ಲಿ ಮುಗಿಯಿತು.

ಹದಿಮೂರನೆಯ ದಿನವೋ ಹದಿನಾಲ್ಕನೆಯ ದಿನವೋ ಅವಳು ಮತ್ತೆ ಕೆಲಸಕ್ಕೆ ಬಂದಳು. ಮನೆಯಲ್ಲಿ ಚಿಕ್ಕ ಮಗ ವೀರೇಶನಿದ್ದ, ಬರದೆ ಏನು ಮಾಡುತ್ತಾಳೆ. ಅಂದಿನಿಂದ ಅವಳದ್ದೊಂದು ಹೊಸ ಕೆಲಸ ಶುರುವಾಯಿತು. ಬೆಳಿಗ್ಗೆ ಯಂತ್ರ ಹಚ್ಚುವ ಮೊದಲು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು, ಪ್ರತಿ ಹೆಂಗಸಿನ ಸೆರಗು ಹಿಡಿದು ಸೊಂಟಕ್ಕೆ ಬಿಗಿಯಾಗಿ ಸುತ್ತಿ ಗಂಟು ಹಾಕಿದೆಯೇ ಎಂದು ಜಗ್ಗಿ ನೋಡುತ್ತಿದ್ದಳು. ಸಡಿಲವಿದ್ದರೆ ತಾನೇ ಕಟ್ಟುತ್ತಿದ್ದಳು. ಅವಳು ನೋಡುವವರೆಗೆ ಯಂತ್ರ ಹಚ್ಚಲು ಬಿಡುತ್ತಿರಲಿಲ್ಲ. ಅಪ್ಪನೂ ಏನೂ ಅನ್ನಲಿಲ್ಲ. ಮುಂದೆ ಅಣ್ಣ ಹೊಸ ಯಂತ್ರ ತಂದು ಹೆಂಗಸರ ಸಾಲೇ ಇಲ್ಲವಾಗುವವರೆಗೂ ಅದು ನಡೆಯಿತು. ಕೆಲಸ ಬಿಟ್ಟ ಮೇಲೂ ಅವಳು ವರ್ಷಕ್ಕೆರಡು ಸಲ, ಯುಗಾದಿಗೆ ಮತ್ತು ಶ್ರಾವಣದಲ್ಲಿ, ನಮ್ಮ ಮನೆಗೆ ಬರುತ್ತಿದ್ದಳು. ನಾನು ಊಟ ಹಾಕುತ್ತಿದ್ದೆ, ಸೀರೆ ಕೊಡುತ್ತಿದ್ದೆ. ಮಗಳ ಮಾತು ಅವಳೂ ತೆಗೆಯುತ್ತಿರಲಿಲ್ಲ, ನಾನೂ ತೆಗೆಯುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಒಳ್ಳೆಯ ಸಂಬಂಧವಿದೆ ಎಂದು ನಾನು ತಿಳಿದಿದ್ದೆ.

ಅವಳನ್ನು ಕರೆಯಲು ನಾನೇ ಅವಳ ಊರು ಪೆದ್ದಹರಿವಾಣಕ್ಕೆ ಹೋದೆ. ನಾನು ಕರೆದರೆ ಇಲ್ಲ ಅನ್ನುವುದಿಲ್ಲ ಎಂಬ ಗರ್ವ. ಎಪ್ಪತ್ತು ದಾಟಿದ ಶರಣಮ್ಮ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಬೆನ್ನು ಸ್ವಲ್ಪ ಬಾಗಿದ್ದು ಬಿಟ್ಟರೆ ಅದೇ ಎಲುಬಿನ ಹೆಂಗಸು. ಫ್ಯಾಷನ್ ವೀಕ್ ಎಂದರೇನು ಎಂದು ವಿವರಿಸಲು ನಾನು ಪಟ್ಟ ಪಾಡು ಹೇಳತೀರದು. ಹುಡುಗಿಯರು ಹೊಸ ಬಟ್ಟೆ ತೊಟ್ಟು ನಡೆದು ಬರುತ್ತಾರೆ, ಜನ ಕೂತು ನೋಡುತ್ತಾರೆ ಎಂದೆ. ನಡೆದು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದಳು. ಎಲ್ಲಿಗೂ ಇಲ್ಲ, ತಿರುಗಿ ವಾಪಸು ಹೋಗುತ್ತಾರೆ ಎಂದೆ. ಅವಳ ಸೊಸೆ ಒಳಗಿನಿಂದ ನಕ್ಕಳು. ಶರಣಮ್ಮ ನಗಲಿಲ್ಲ.

“ಮಂದಿ ಮುಂದ ನನ್ನ ಏನಂತ ಹೇಳ್ತಾರಿ?” ಎಂದು ಕೇಳಿದಳು.

ಹೆಸರು ಹೇಳುತ್ತಾರೆ, ಇಷ್ಟು ವರ್ಷ ಮಿಲ್ಲಿನಲ್ಲಿ ದುಡಿದವರು ಎಂದು ಮೈಕಿನಲ್ಲಿ ಹೇಳುತ್ತಾರೆ ಎಂದೆ.

ಅವಳು ಕಟ್ಟೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು. ಆಮೇಲೆ, “ಹಂಗಾರ ನಮ್ಮ ಗಿರಿಜಾನ ಹೆಸರೂ ಹೇಳಾಕ ಹೇಳ್ರಿ. ಆಕಿನೂ ಮಿಲ್ಲಿನಾಗ ಕೆಲಸ ಮಾಡ್ಯಾಳ ಅಂತ. ಅಷ್ಟ ಹೇಳಿದ್ರ ಸಾಕು, ನಾ ಬರ್ತೀನಿ” ಎಂದಳು.

ಹೇಳಿಸುತ್ತೇನೆ ಎಂದೆ. ಎಷ್ಟು ಸಲೀಸಾಗಿ ಅಂದೆ ಎಂದರೆ, ಹಾಗೆಂದ ಮೇಲೆ ಅವಳ ಸೊಸೆ ತಂದ ಚಹಾ ಕುಡಿದು, ಸಕ್ಕರೆ ಸ್ವಲ್ಪ ಹೆಚ್ಚಾಯಿತು ಎಂಬ ಮಾತನ್ನೂ ಆಡಿದೆ.

ಅನುಷಾಗೆ ಹೇಳಲು ನನಗೆ ಹತ್ತು ದಿನ ಸಮಯವಿತ್ತು. ಗಿರಿಜಾ ಎಂದರೆ ಯಾರು ಎಂದು ಕೇಳುತ್ತಾಳೆ, ಕೇಳಿದರೆ ಕಾಗದದವರೆಗೂ ಹೋಗಬೇಕಾಗುತ್ತದೆ. ಅಣ್ಣನ ಮುಂದೆ ಆ ಮಾತು ಬರುತ್ತದೆ. ಹುಡುಗಿಯ ಮೊದಲ ಪ್ರದರ್ಶನ, ಅದು ಮುಗಿಯಲಿ ಎಂದುಕೊಂಡೆ. ಹೀಗೆ ಹತ್ತು ದಿನವೂ ಏನಾದರೊಂದು ನೆವ ಹುಡುಕಿಕೊಂಡೆ. ನಡುವೆ ಯಾವ ಸೀರೆ ಉಡಬೇಕೆಂದು ಬೀರುವಿನ ಮುಂದೆ ನಾಲ್ಕು ದಿನ ನಿಂತದ್ದಂತೂ ನಿಜ.

ಕರ್ನೂಲಿನ ಹೊರಗಿನ ಕಲ್ಯಾಣಮಂಟಪವೊಂದರಲ್ಲಿ ಕಾರ್ಯಕ್ರಮ. ಮದುವೆಯ ಅಲಂಕಾರ ತೆಗೆದು ಗೋಡೆಗೆಲ್ಲ ಕರಿಬಟ್ಟೆ ಹೊದಿಸಿದ್ದರು. ನಡುವೆ ಉದ್ದಕ್ಕೆ ಬಿಳಿಯ ಜಗಲಿ, ಅದೇ ರ‍್ಯಾಂಪು, ಎರಡೂ ಕಡೆ ಕುರ್ಚಿ. ಬಾಗಿಲಲ್ಲಿ ಒಬ್ಬ ಹುಡುಗಿ ನಮ್ಮಿಬ್ಬರ ಮುಂಗೈಗೂ ಗುಲಾಬಿ ಪಟ್ಟಿ ಅಂಟಿಸಿದಳು. ಶರಣಮ್ಮ ಅದನ್ನು ತಿರುಗಿಸಿ ನೋಡಿ, ಆಸ್ಪತ್ರೆಯಲ್ಲಿ ಹೀಗೆಯೇ ಕಟ್ಟಿದ್ದರು ಎಂದಳು. ನಾನು ಮುಂದಿನ ಸಾಲಿನಲ್ಲಿ ಕೂತೆ, ಅವಳನ್ನು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿನ ಮೇಲೆ ನಾನೂ ಹೋಗಿ ಇಣುಕಿದೆ. ಅನುಷಾ ಕೊಟ್ಟ ಎಮ್ಮಿಗನೂರಿನ ಸೀರೆ ಉಡಿಸಿದ್ದರು. ಉಡಿಸಿದ ಹುಡುಗಿ ಸೆರಗನ್ನು ಉದ್ದಕ್ಕೆ ಇಳಿಬಿಟ್ಟು ಭುಜಕ್ಕೆ ಪಿನ್ನು ಹಾಕುವುದು, ಶರಣಮ್ಮ ಅದನ್ನು ಎಳೆದು ಸೊಂಟಕ್ಕೆ ಸಿಕ್ಕಿಸುವುದು. ಹೀಗೆ ಎರಡು ಮೂರು ಸಲ ಆಗಿರಬೇಕು. ಕೊನೆಗೆ ಆ ಹುಡುಗಿ ಸೋತು ನಕ್ಕು ಬಿಟ್ಟುಬಿಟ್ಟಳು.

ನಾಲ್ಕು ಗಂಟೆಗೆ ದೀಪ ಆರಿಸಿದರು. ಎದೆಗೆ ಬಡಿಯುವಂಥ ಸಂಗೀತ. ನಿರೂಪಕಿ ತೆಲುಗು ಇಂಗ್ಲಿಷು ಬೆರೆಸಿ ಮಾತಾಡುತ್ತಿದ್ದಳು, ‘ಅರಳೆ’ಯನ್ನು ‘ಅರಲಿ’ ಎಂದಳು, ನನಗೆ ಅಷ್ಟಕ್ಕೇ ಬೇಸರವಾಯಿತು. ಬೇಸರಪಡಲು ಬೇರೆ ಕಾರಣ ಇರಲಿಲ್ಲವೇನೋ ಎಂಬಂತೆ. ಹುಡುಗಿಯರು ಒಬ್ಬರ ಹಿಂದೊಬ್ಬರು ಬಂದರು. ಹದಿನೆಂಟು ಹತ್ತೊಂಬತ್ತರ ಮಕ್ಕಳು, ಮುಖದಲ್ಲಿ ನಗು ಇರಬಾರದು ಎಂದು ಯಾರೋ ಹೇಳಿಕೊಟ್ಟಿದ್ದರು. ಅನುಷಾಳ ಕೈಕೆಲಸ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಎಲ್ಲ ಉಡುಪಿಗೂ ಉದ್ದನೆಯ ಬಿಳಿಯ ದುಪಟ್ಟಾ. ಹಿಂದೆ ನೆಲದ ಮೇಲೆ ಒಂದು ಮೊಳ ಎಳೆದುಕೊಂಡು ಬರುತ್ತಿತ್ತು. ರ‍್ಯಾಂಪಿನ ತುದಿಯಲ್ಲಿ ಇಟ್ಟ ದೊಡ್ಡ ಫ್ಯಾನಿನ ಗಾಳಿಗೆ ಅದು ಹಾರಬೇಕು, ಅದೇ ಅದರ ಚೆಂದ. ಪ್ರತಿ ದುಪಟ್ಟಾ ಹಾರಿದಾಗಲೂ ಜನ ಚಪ್ಪಾಳೆ ತಟ್ಟುತ್ತಿದ್ದರು. ಮೊದಲ ನಾಲ್ಕೈದಕ್ಕೆ ನಾನೂ ತಟ್ಟಿದೆ. ಆಮೇಲೆ, ಪರದೆಯ ಸಂದಿನಿಂದ ಶರಣಮ್ಮನೂ ಇದನ್ನು ನೋಡುತ್ತಿರಬಹುದು ಎಂಬುದು ಹೊಳೆದು ತಟ್ಟುವುದನ್ನು ನಿಲ್ಲಿಸಿದೆ.

ಕೊನೆಗೆ ಹುಡುಗಿಯರೆಲ್ಲ ರ‍್ಯಾಂಪಿನ ಅಂಚಿಗೆ ಸಾಲಾಗಿ ನಿಂತರು, ಅನುಷಾ ಬಂದಳು. ಅವಳ ಕೈಯಲ್ಲಿ ಶರಣಮ್ಮನ ಕೈ. ನಿರೂಪಕಿ, ಅನುಷಾ ಬರೆದುಕೊಟ್ಟಿದ್ದ ಚೀಟಿ ಓದಿದಳು: ಶರಣಮ್ಮ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹತ್ತಿಯ ಜೊತೆ ಬಾಳಿದ ತಾಯಿ. ಅಷ್ಟೇ. ಚೀಟಿಯಲ್ಲಿ ಇದ್ದದ್ದೇ ಅಷ್ಟು. ಶರಣಮ್ಮ ನಿಂತು ಇನ್ನೂ ಏನೋ ಹೇಳುತ್ತಾರೆಂದು ನಿರೂಪಕಿಯ ಕಡೆ ನೋಡಿದಳು. ಅನುಷಾ ಕೈ ಜಗ್ಗಿ ಮುಂದೆ ನಡೆಸಿದಳು.

ರ‍್ಯಾಂಪಿನ ನಡುವೆ ಬಂದಾಗ ಶರಣಮ್ಮ ಕೈ ಬಿಡಿಸಿಕೊಂಡು ನಿಂತುಬಿಟ್ಟಳು. ಅನುಷಾ ತೊಟ್ಟದ್ದೂ ಅದೇ ಬಿಳಿಯ ದುಪಟ್ಟಾ, ಎಲ್ಲರದ್ದಕ್ಕಿಂತ ಉದ್ದ. ಮುದುಕಿ ಬಗ್ಗಿ, ನೆಲದ ಮೇಲಿದ್ದ ಅದರ ತುದಿಯನ್ನು ಎತ್ತಿದಳು. ಕೈಗೆ ಸುತ್ತಿಕೊಂಡು ಎಲ್ಲವನ್ನೂ ಒಟ್ಟುಮಾಡಿದಳು. ಅನುಷಾಳನ್ನು ಭುಜ ಹಿಡಿದು ತಿರುಗಿಸಿ, ಅದನ್ನು ಅವಳ ಸೊಂಟಕ್ಕೆ ಎರಡು ಸುತ್ತು ಸುತ್ತಿ, ಎಡಮಗ್ಗುಲಲ್ಲಿ ಗಂಟು ಹಾಕಿದಳು. ಗಂಟನ್ನು ಎರಡು ಸಲ ಜಗ್ಗಿ ನೋಡಿದಳು. ಏನೋ ಹೇಳಿದಳು, ಸಂಗೀತದಲ್ಲಿ ಕೇಳಿಸಲಿಲ್ಲ. ಆಮೇಲೆ ಬಿಳಿಯ ಉಡುಪಿನ ಸಾಲಿನಲ್ಲಿ ನಿಂತಿದ್ದ ಪಕ್ಕದ ಹುಡುಗಿಯ ಕಡೆ ತಿರುಗಿ ಅವಳ ದುಪಟ್ಟಾಕ್ಕೂ ಕೈ ಹಾಕಿದಳು. ಅಷ್ಟರಲ್ಲಿ ಯಾರೋ ಬಂದು ಮೆಲ್ಲಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು.

ಇದು ಅಮ್ಮನ ಆಶೀರ್ವಾದ ಎಂದು ನಿರೂಪಕಿ ತೆಲುಗಿನಲ್ಲಿ ಹೇಳಿದಳು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ಎದ್ದು ನಿಲ್ಲದೆ ಕೂತಿದ್ದವಳು ನಾನೊಬ್ಬಳೇ. ಒಳಗೆ ಹೋದಾಗ ಅನುಷಾ ನನ್ನನ್ನು ಅಪ್ಪಿಕೊಂಡು, “ಅತ್ತಿ, ಎಷ್ಟು ಚೆಂದ ಬಂತು ನೋಡು, ರಿಹರ್ಸಲ್ ಮಾಡಿದ್ರೂ ಹಂಗ ಬರ್ತಿದ್ದಿಲ್ಲ” ಎಂದಳು. ಶರಣಮ್ಮ ಏನು ಹೇಳಿದಳು ಎಂದು ಕೇಳಿದೆ. ಎತ್ತಿ ಕಟ್ಟಬೇಕವ್ವಾ, ಹಿಂಗ ಬಿಡಬಾರದು ಅಂದರಂತೆ.

ಅನುಷಾ ಕರ್ನೂಲಿನಲ್ಲೇ ಉಳಿದಳು. ನಾವಿಬ್ಬರು ಕಾರಿನಲ್ಲಿ ಹೊರಟೆವು. ಕೋಡುಮೂರು ದಾಟಿತು. ಗೋನೆಗಂಡ್ಲದಲ್ಲಿ ಡ್ರೈವರು ಚಹಾ ಕುಡಿಯಲು ಇಳಿದ. ಸೂರ್ಯ ಮುಳುಗಿ ಇನ್ನೂ ಬೆಳಕಿತ್ತು. ಶರಣಮ್ಮ ಮುಂಗೈಯ ಪಟ್ಟಿಯನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು.

“ಹೆಸರು ಹೇಳ್ಲಿಲ್ಲಲ್ರಿ” ಎಂದಳು.

ಹುಡುಗಿ ಗಡಿಬಿಡಿಯಲ್ಲಿ ಮರೆತಿರಬೇಕು ಎಂದೆ.

“ಮರ್ತಿಲ್ರಿ. ಒಳಗ ಕೂತಾಗ ನಾ ಕೇಳ್ದೆ. ಗಿರಿಜಾ ಯಾರು ಅಂದ್ಲು ಆಕಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವಳೇ ಮುಂದುವರಿಸಿದಳು. ಅಪ್ಪ ಕೊಟ್ಟ ಕಾಗದವನ್ನು ಟ್ರಂಕಿನಲ್ಲಿಟ್ಟಿದ್ದಳಂತೆ. ವೀರೇಶ ಏಳನೇ ಕ್ಲಾಸಿಗೆ ಬಂದಾಗ ತೆಲುಗು ಓದಲು ಕಲಿತಿದ್ದ, ಅವನ ಕೈಯಲ್ಲಿ ಓದಿಸಿದಳಂತೆ. ಅಂದರೆ ನಾನು ಊಟ ಹಾಕಿ ಸೀರೆ ಕೊಡುತ್ತಿದ್ದ ಅಷ್ಟೂ ವರ್ಷ ಅವಳಿಗೆ ಎಲ್ಲ ಗೊತ್ತಿತ್ತು.

“ಬುತ್ತಿ ತಂದಿದ್ಲು ಅಂತ ಬರದದ್ದು ನನಗ ತಿಳೀತು. ಅದು ಮಿಲ್ಲು ಉಳಿಸಾಕ ಬರದದ್ದು. ಆಟ ಆಡ್ತಾ ಹೋದ್ಲು ಅಂತ ಯಾಕ ಬರದ್ರಿ ಅಕ್ಕಾರ? ತಮ್ಮನ್ನ ಬೆನ್ನಿಗೆ ಕಟ್ಟಿಕೊಂಡು ಕೂಲಿ ಮಾಡ್ಯಾಳ ಆಕಿ. ಆಕಿ ಆಟ ಆಡಿದ್ದು ನಾ ಒಂದಿನ ನೋಡಿಲ್ಲ.”

ಆ ಕ್ಷಣದಲ್ಲಿ ನಿಜ ಹೇಳಬಹುದಿತ್ತು. ಅಲ್ಲಿ ನಾವಿಬ್ಬರೇ ಇದ್ದೆವು, ನನ್ನ ಅಪ್ಪ ಸತ್ತು ಹದಿನೈದು ವರ್ಷವಾಗಿತ್ತು, ಮಿಲ್ಲಿಗೆ ಯಾವ ಅಪಾಯವೂ ಇರಲಿಲ್ಲ. “ಅಪ್ಪ ಹೇಳಿದ್ದನ್ನ ಬರದೆ, ಶರಣಮ್ಮ” ಎಂದೆ.

“ಹೌದನ್ರಿ” ಎಂದಳು. ಕಿಟಕಿಯ ಕಡೆ ತಿರುಗಿದಳು. ಡ್ರೈವರು ಬಂದ. ಅವಳನ್ನು ಅವಳ ಊರಲ್ಲಿ ಇಳಿಸಿ ನಾನು ಮನೆಗೆ ಬಂದೆ.

ಮುಂದಿನ ವಾರ ಅನುಷಾ ಆದೋನಿಗೆ ಬಂದಳು. ಆ ಗಂಟು ಕಟ್ಟುವ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಬಹಳ ಜನ ನೋಡಿದ್ದರು, ಅವಳಿಗೆ ಹೊಸ ಗಿರಾಕಿಗಳು ಸಿಕ್ಕಿದ್ದರು. ಅವಳನ್ನು ಎದುರಿಗೆ ಕೂಡಿಸಿ ಗಿರಿಜಾ ಯಾರೆಂದು ಹೇಳಿದೆ. ಅವಳು ಅಳಲಿಲ್ಲ. ತನ್ನ ಅಪ್ಪನಿಗೆ ಗೊತ್ತಾ ಎಂದು ಒಂದೇ ಮಾತು ಕೇಳಿದಳು. ಗೊತ್ತು ಎಂದೆ. ಎದ್ದು ಹೋದಳು. ಆ ವಿಡಿಯೋವನ್ನು ತನ್ನ ಕಡೆಯಿಂದ ಅಳಿಸಿದಳು, ಆದರೆ ಅದು ಆಗಲೇ ಊರೂರು ಸುತ್ತುತ್ತಿತ್ತು, ‘ಅಮ್ಮನ ಆಶೀರ್ವಾದ’ ಎಂಬ ಹೆಸರಿನಲ್ಲೇ. ಈಗಲೂ ಸುತ್ತುತ್ತಿದೆ. ಅಣ್ಣ ಮನೆಗೆ ಬಂದು, ದನಿ ಏರಿಸದೆ, “ಅಪ್ಪನೂ ಇಲ್ಲ, ಆ ಹುಡುಗಿನೂ ಇಲ್ಲ. ನನ್ನ ಮಗಳಿಗೆ ಹೇಳಿ ಏನು ಸಾಧಿಸಿದಿ?” ಎಂದ. ಆಮೇಲೆ ಅವನು ನಮ್ಮ ಮನೆಗೆ ಬಂದಿಲ್ಲ.

ಅನುಷಾಗೆ ಹೇಳುವಾಗ ‘ಆಟವಾಡುತ್ತ’ ಎಂಬ ಮಾತು ಯಾರದ್ದು ಎಂಬುದನ್ನೂ ಹೇಳಿದ್ದೆ. ಅಷ್ಟು ಹೇಳಿದ ಮೇಲೆ ಶರಣಮ್ಮನಿಗೆ ಹೇಳದೆ ಇರುವುದು ಸಾಧ್ಯವಾಗಲಿಲ್ಲ. ಮೂರನೆಯ ವಾರ ಪೆದ್ದಹರಿವಾಣಕ್ಕೆ ಹೋದೆ. ಅವಳು ಅದೇ ಕಟ್ಟೆಯ ಮೇಲೆ ಮೊರದಲ್ಲಿ ಶೇಂಗಾ ಇಟ್ಟುಕೊಂಡು ಸುಲಿಯುತ್ತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಹೋಗಿ ಇಷ್ಟೇ ಬಂತು: ಅಪ್ಪ ಹೇಳಿರಲಿಲ್ಲ, ಆಟ ಎಂಬ ಮಾತು ನಾನೇ ಸೇರಿಸಿದ್ದು, ಓದಲು ಚೆಂದ ಇರಲಿ ಎಂದು.

ಅವಳ ಕೈ ನಿಂತಿತು. “ಚೆಂದ ಇರ್ಲಿ ಅಂತ” ಎಂದಳು. ಕೇಳಿದಂತಿರಲಿಲ್ಲ, ಆ ಮಾತನ್ನು ತಾನೂ ಒಮ್ಮೆ ಆಡಿ ನೋಡಿದಂತಿತ್ತು. ಆಮೇಲೆ ಮತ್ತೆ ಸುಲಿಯತೊಡಗಿದಳು. ಒಂದು, ಎರಡು, ಹಿಡಿಯಷ್ಟು. ನಾನು ನಿಂತೇ ಇದ್ದೆ, ಕೂಡು ಎನ್ನಲಿಲ್ಲ. ಕೊನೆಗೆ ತಲೆ ಎತ್ತದೆಯೇ ಹೇಳಿದಳು.

“ಅಪ್ಪಾರು ಬರಿಸ್ಯಾರ ಅಂತ ತಿಳ್ಕೊಂಡು ಇಷ್ಟು ವರ್ಸ ನಿಮ್ಮ ಮನಿಗೆ ಬಂದೆ. ಇನ್ನ ಬರಾಕ ಆಗಂಗಿಲ್ಲ. ನೀನೂ ಬರಬ್ಯಾಡವ್ವಾ.”

ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ‘ನೀನು’ ಎಂದಿದ್ದಳು. ನಾನು ತಿರುಗಿ ಬಂದೆ. ಅದಾಗಿ ಎರಡು ವರ್ಷ. ಶರಣಮ್ಮ ಇನ್ನೂ ಇದ್ದಾಳೆ, ಅರ್ಧ ತಾಸಿನ ದಾರಿ, ಆ ಕಡೆಯ ಬಸ್ಸು ನಮ್ಮ ಬೀದಿಯ ಮುಂದೆಯೇ ಹೋಗುತ್ತದೆ. ಎರಡು ಯುಗಾದಿ ಬಂದು ಹೋದವು. ನಾನು ಹೋಗಿಲ್ಲ. ಹೋಗಿ ಕಾಲು ಹಿಡಿದರೆ ಅವಳು ಏನಾದರೂ ಅಂದಾಳು, ಆದರೆ ಅದು ನನ್ನ ನೆಮ್ಮದಿಗೆ ಹೋದಂತಾಗುತ್ತದೆ. ಬರಬೇಡ ಎಂದಿದ್ದಾಳೆ. ಅವಳ ಮಾತನ್ನು ಅವಳು ಹೇಳಿದ ಹಾಗೆಯೇ ಕೇಳುವುದು ಇದೊಂದು ಸಲವಾದರೂ ನನ್ನಿಂದ ಆಗಲಿ ಎಂದು ಸುಮ್ಮನಿದ್ದೇನೆ.

ನಿವೃತ್ತಿಯ ಮೇಲೆ ನಮ್ಮ ಬೀದಿಯ ಹೆಂಗಸರು ಪಿಂಚಣಿಯ ಅರ್ಜಿ, ಆಸ್ಪತ್ರೆಯ ಚೀಟಿ, ಕಚೇರಿಯಿಂದ ಬಂದ ನೋಟಿಸು ಹಿಡಿದು ನನ್ನ ಹತ್ತಿರ ಬರುತ್ತಾರೆ. ನಾನು ಬರೆಯುವುದನ್ನು ಆದಷ್ಟು ಕಡಿಮೆ ಮಾಡಿದ್ದೇನೆ; ಬರೆಯಲೇಬೇಕಾದರೆ ಅವರ ಬಾಯಿಂದ ಬಂದ ಮಾತನ್ನು ಮಾತ್ರ ಬರೆದು, ಓದಿ ಹೇಳಿ, ಆಮೇಲೆ ಕೊಡುತ್ತೇನೆ. ಇದರಿಂದ ಯಾವುದೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು. ನಿನ್ನೆ ಬೆಳಿಗ್ಗೆ ಒಬ್ಬಳು ಬಂದಳು. ಎಲ್ಲೋ ಹತ್ತಿ ಮಿಲ್ಲಿನಲ್ಲಿ ಕೆಲಸವಂತೆ, ನನಗೆ ಗುರುತಿಲ್ಲ. ಮೂವತ್ತರ ಆಸುಪಾಸು. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ಎಡಗೈಯಲ್ಲಿ ತೆಲುಗಿನಲ್ಲಿ ಟೈಪ್ ಮಾಡಿದ ಕಾಗದ. ಎಡಗೈ ಹೆಬ್ಬೆಟ್ಟಾದರೂ ನಡೆಯುತ್ತದೆ ಎಂದಿದ್ದಾರೆ, ಎಲ್ಲಿ ಒತ್ತಬೇಕು ಅಷ್ಟು ತೋರಿಸಿರಿ, ಹೊರಗೆ ಮಿಲ್ಲಿನವರ ಗಾಡಿ ಕಾಯುತ್ತಿದೆ ಎಂದಳು.

ತೋರಿಸುವ ಮೊದಲು ಓದುತ್ತೇನೆ ಎಂದೆ. ಓದಿದೆ. ಯಾರೂ ಹೇಳದಿದ್ದರೂ ತಾನಾಗಿಯೇ, ಯಂತ್ರ ತಿರುಗುತ್ತಿರುವಾಗ, ತಮಾಷೆಗೆ ಕೈ ಹಾಕಿದೆ ಎಂದಿತ್ತು. ಅವಳು ಅಷ್ಟು ಹೊತ್ತು ಬಾಗಿಲ ಹತ್ತಿರ ನಿಂತವಳು ಒಳಗೆ ಬಂದು ನೆಲದ ಮೇಲೆ ಕೂತಳು. ಹೊರಗೆ ಗಾಡಿ ಹಾರನ್ ಬಾರಿಸಿತು.

“ಇನ್ನೊಂದ್ಸಲ ಓದ್ರಿ ಅಕ್ಕಾ” ಎಂದಳು.

ನಾನೂ ಕುರ್ಚಿಯಿಂದ ಇಳಿದು ಅವಳ ಎದುರಿಗೆ ಕೂತೆ. ಮೊದಲಿನ ಸಾಲಿನಿಂದ ಮತ್ತೆ, ನಿಧಾನವಾಗಿ, ಯಾವ ಮಾತನ್ನೂ ಬಿಡದೆ, ಯಾವುದನ್ನೂ ಸೇರಿಸದೆ ಓದತೊಡಗಿದೆ.